ನಾವು ಕೇಳತಿರೋದು ನೂರೈವತ್ತು ಗ್ರಾಂ ಉಪ್ಪು



ಪೋಸ್ಟ್ ಉದ್ದ ಐತಿ. ಆದರೂ ಪೂರ್ತಿ ಓದ್ರಿ. ಉಪ್ಪಿನ ವಿಷಯ. ಅಷ್ಟೇನಾ ಅನ್ನಬ್ಯಾಡ್ರಿ.

ಕಳೆದ ವಾರ ರಾತ್ರಿ ಒಂಬತ್ತರ ಸುಮಾರಿಗೆ ಒಂದು ಫೋನ್ ಬಂತು. ನಮ್ಮ ಹತ್ತಿಮತ್ತೂರಿನ ಹತ್ತಿರದ ಹಳ್ಳಿಯ ಹೆಣ್ಮಗಳು. ನಮ್ಮ ಕೇರಿಯವಳೇ ಅನ್ನಿ, ಊರು ಬೇರೆ ಅಷ್ಟೇ. ಅಂಗನವಾಡಿ ಸಹಾಯಕಿ, ಎರಡು ಮಕ್ಕಳ ತಾಯಿ. ಥೈರಾಯ್ಡ್ ಕ್ಯಾನ್ಸರ್ ಅಂತ ಗೊತ್ತಾಗಿ ಕುತ್ತಿಗೆಯ ಆಪರೇಷನ್ ಆಗಿದೆ. ಈಗ ರೇಡಿಯೋ ಅಯೋಡಿನ್ ಚಿಕಿತ್ಸೆಗೆ ತಾರೀಖು ಕೊಟ್ಟಿದ್ದಾರೆ. ಅದಕ್ಕೆ ಎರಡು ವಾರ ಮೊದಲಿನಿಂದ ಅಯೋಡಿನ್ ಇರುವ ಊಟ ಬಿಡಬೇಕು ಅಂತ ಒಂದು ಚೀಟಿ ಕೈಗೆ ಕೊಟ್ಟು ಕಳಿಸಿದ್ದಾರೆ.

"ಅಕ್ಕಾ, ಅಯೋಡಿನ್ ಇಲ್ಲದ ಉಪ್ಪು ಎಲ್ಲಿ ಸಿಗತೈತ್ರಿ? ಸವಣೂರಾಗ ಆರು ಅಂಗಡಿ ತಿರುಗೀನಿ. ಒಬ್ಬಾವ 'ದನಕ್ಕ ಬೇಕೋ ಮಂದಿಗೆ ಬೇಕೋ' ಅಂತ ಕೇಳಿದ. ಮಂದಿಗೆ ಅಂದೆ. 'ಮಂದಿಗೆ ಮಾರೂ ಹಂಗಿಲ್ಲವ್ವಾ, ಕಾನೂನೈತಿ' ಅಂದ. ದನಕ್ಕ ಅಂದಿದ್ರ ಕೊಡತಿದ್ನೋ ಏನೋ."

ಅವಳು ನಕ್ಕಳು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನಗು ನಿಂತಿತು. ಯಾಕಂದ್ರ ಎರಡು ವರ್ಷದ ಹಿಂದೆ ಇದೇ ಚೀಟಿ ಹಿಡಕೊಂಡು ಇದೇ ಅಂಗಡಿಗಳ ಮುಂದೆ ನಾನು ನಿಂತಿದ್ದೆ. ನನ್ನ ಕುತ್ತಿಗೆ ಮೇಲಿನ ಗೆರೆ ನೋಡಿ ಕೆಲವರು "ಏನಾಯ್ತಕ್ಕಾ" ಅಂತ ಕೇಳಿದ್ದೀರಿ. ಆಗ ಮಾತು ತಿರುಗಿಸಿದ್ದೆ. ಇವತ್ತು ಹೇಳತೀನಿ. ಎರಡು ವರ್ಷದಲ್ಲಿ ಆ ಚೀಟಿಯೊಳಗಿನ ಒಂದು ಅಕ್ಷರ ಬದಲಾಗಿಲ್ಲ, ಅಂಗಡಿಯೊಳಗಿನ ಉತ್ತರಾನೂ ಬದಲಾಗಿಲ್ಲ. ಸುಮ್ಮನಿದ್ದ ನನ್ನ ಮೇಲೇ ನನಗ ಸಿಟ್ಟು ಬಂದೈತಿ.

ಗೊತ್ತಿಲ್ಲದವರಿಗೆ ಮೊದಲು ವಿಷಯ ಹೇಳಿಬಿಡ್ತೀನಿ. ನಮ್ಮ ಗಂಟಲಿನ ಮುಂದೆ ಚಿಟ್ಟೆ ಆಕಾರದ ಒಂದು ಗ್ರಂಥಿ ಐತಿ, ಅದು ಥೈರಾಯ್ಡ್. ಅದಕ್ಕೆ ಅಯೋಡಿನ್ ಬೇಕೇ ಬೇಕು. ಅಲ್ಲಿ ಹುಟ್ಟುವ ಕೆಲವು ಜಾತಿಯ ಕ್ಯಾನ್ಸರ್ ಜೀವಕೋಶಗಳೂ ತಮ್ಮ ಹುಟ್ಟುಗುಣ ಬಿಡೋದಿಲ್ಲ, ಅಯೋಡಿನ್ ಕಂಡರೆ ನುಂಗತಾವೆ. ಈ ಹೊಟ್ಟೆಬಾಕತನವನ್ನೇ ವಿಜ್ಞಾನ ಹಿಡಕೊಂಡಿತು. 1940ರ ದಶಕದಿಂದ ವಿಕಿರಣ ಸೂಸುವ ಅಯೋಡಿನ್ ಕೊಟ್ಟು ಈ ರೋಗಕ್ಕೆ ಚಿಕಿತ್ಸೆ ನಡೆದಿದೆ. ಆಪರೇಷನ್ ಆದ ಮೇಲೆ ಉಳಿದ ಕೋಶಗಳು ಅದನ್ನು ನುಂಗಿ ಒಳಗಿಂದಲೇ ಸಾಯತಾವೆ. ಅದರ ಹೆಸರು ಅಯೋಡಿನ್-131. ನಮ್ಮ ದೇಶದಲ್ಲೇ, ಮುಂಬೈ ಹತ್ತಿರದ ಟ್ರಾಂಬೆಯ ಅಣು ರಿಯಾಕ್ಟರಿನಲ್ಲಿ ತಯಾರಾಗತೈತಿ. ಎಲ್ಲ ಥೈರಾಯ್ಡ್ ರೋಗಿಗೂ ಇದು ಬೇಕಾಗೋದಿಲ್ಲ. ಬೇಕಾದವರಿಗೆ ಮಾತ್ರ ಇದು ಜೀವದ ಪ್ರಶ್ನೆ.

ಇಲ್ಲೇ ಊಟದ ಮಾತು ಬರೋದು. ಹೊಟ್ಟೆ ತುಂಬಿದವನ ಮುಂದೆ ತಾಟು ಇಟ್ಟರೆ ತಿನ್ನತಾನೇನ್ರಿ? ಆ ಕೋಶಗಳನ್ನು ಮೊದಲು ಹಸಿವಿನಲ್ಲಿ ಇಡಬೇಕು. ಅದಕ್ಕೇ ಒಂದೆರಡು ವಾರ ಊಟದಲ್ಲಿ ಅಯೋಡಿನ್ ಕಡಿಮೆ ಮಾಡೋದು. ದಿನಕ್ಕೆ 50 ಮೈಕ್ರೋಗ್ರಾಂಗಿಂತ ಕಡಿಮೆ ಇರಬೇಕು ಅಂತಾರೆ. ಸಾಮಾನ್ಯ ಮನುಷ್ಯನಿಗೆ ದಿನಕ್ಕೆ ಬೇಕಾಗೋದು 150. ನಮ್ಮ ಅಡುಗೆ ಉಪ್ಪಿನಲ್ಲಿ ಅಂಗಡಿ ಹಂತದಲ್ಲಿ ಹತ್ತು ಲಕ್ಷ ಭಾಗಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಲೇಬೇಕು ಅಂತ ಕಾನೂನು. ಅಂದ್ರ ಒಂದು ಗ್ರಾಂ ಉಪ್ಪಿಗೆ 15 ಮೈಕ್ರೋಗ್ರಾಂ. ನಾಲ್ಕು ಗ್ರಾಂ ತಿಂದರೆ 60. ಒಂದು ಚಮಚಾನೂ ತುಂಬಲಿಲ್ಲ, ಮಿತಿ ದಾಟಿತು.

ಆ ಕೋಶಗಳು ಹಸಿಯದಿದ್ದರೆ ಏನಾಗತೈತಿ? ಕೊಟ್ಟ ಔಷಧ ಸರಿಯಾಗಿ ಒಳಗೆ ಸೇರೋದಿಲ್ಲ, ಮೂತ್ರದಲ್ಲಿ ಹೊರಗೆ ಹೋಗತೈತಿ. ತಿಂಗಳುಗಟ್ಟಲೆ ಕಾದು ಪಡೆದ ಚಿಕಿತ್ಸೆ, ಸಾಲ ಮಾಡಿ ಹೋದ ಪ್ರಯಾಣ ಹಾಳಾಗಬಹುದು. ಇದೇ ಕಾರಣಕ್ಕೆ ನಾನು ಉಪ್ಪನ್ನು ಸಣ್ಣ ವಿಷಯ ಅನ್ನೋದಿಲ್ಲ. ಆ ಔಷಧದಷ್ಟೇ ಈ ಉಪ್ಪೂ ಚಿಕಿತ್ಸೆಯ ಭಾಗ. ಔಷಧಕ್ಕೆ ಆಸ್ಪತ್ರೆ ಜವಾಬ್ದಾರಿ, ಉಪ್ಪಿಗೆ ಯಾರು?

ಈಗ ಕಾನೂನು ಏನು ಹೇಳತೈತಿ ನೋಡ್ರಿ. 2006ರ ಮೇ 17ರಿಂದ ದೇಶದಲ್ಲಿ ಅಯೋಡಿನ್ ಇಲ್ಲದ ಉಪ್ಪನ್ನು ಮನುಷ್ಯರು ನೇರವಾಗಿ ತಿನ್ನೋಕೆ ಮಾರಬಾರದು. 2011ರಲ್ಲಿ ಸುಪ್ರೀಂ ಕೋರ್ಟ್ ಹಳೆಯ ನಿಯಮ ಮೂಲ ಕಾಯ್ದೆಯ ಅಧಿಕಾರ ಮೀರಿದ್ದು ಅಂತ ಹೇಳಿತು. ಆದರೆ ಅದೇ ವರ್ಷ ಬಂದ ಆಹಾರ ಸುರಕ್ಷತೆಯ ನಿಯಮಾವಳಿಯಲ್ಲಿ ಅದೇ ನಿರ್ಬಂಧ ಮತ್ತೆ ಬಂದು ಕೂತಿತು. ಆ ನಿಯಮಕ್ಕೆ ವಿನಾಯಿತಿಗಳೂ ಇವೆ. ಅಯೋಡಿನ್ ಇಲ್ಲದ ಉಪ್ಪು ಯಾತಕ್ಕೆಲ್ಲ ಮಾರಬಹುದು? ಅಯೋಡಿನ್ ಬೆರೆಸೋಕೆ, ಕಬ್ಬಿಣಾಂಶ ಬೆರೆಸೋಕೆ, ಪ್ರಾಣಿಗಳಿಗೆ, ಪದಾರ್ಥ ಕೆಡದಂತೆ ಇಡೋಕೆ, ಔಷಧ ತಯಾರಿಸೋಕೆ, ಕಾರ್ಖಾನೆಗೆ.

ಇನ್ನೊಮ್ಮೆ ಓದ್ರಿ. ದನಕ್ಕೆ ಐತಿ. ಚರ್ಮ ಹದ ಮಾಡೋ ಕಾರ್ಖಾನೆಗೆ ಐತಿ. ಔಷಧ ಕಂಪನಿಗೆ ಐತಿ. ಆ ಔಷಧ ನುಂಗೋ ರೋಗಿಗೆ ಇಲ್ಲ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ ಕೆರೆಗೆ ಇಳಿದು ಬೊಗಸೆ ನೀರು ಕುಡಿದಾಗ ಇದ್ದ ಪರಿಸ್ಥಿತಿ ಏನು? ಆ ಕೆರೆಯಲ್ಲಿ ದನ ನೀರು ಕುಡಿಯಬಹುದಿತ್ತು, ನಾವು ಕುಡಿಯೋ ಹಾಗಿರಲಿಲ್ಲ. ಸವಣೂರಿನ ಅಂಗಡಿಯವ ಆ ಹುಡುಗಿಗೆ "ದನಕ್ಕ ಬೇಕೋ ಮಂದಿಗೆ ಬೇಕೋ" ಅಂತ ಕೇಳಿದಾಗ ನನಗ ನೆನಪಾದದ್ದು ಅದು. ಅಂಗಡಿಯವನದು ತಪ್ಪಿಲ್ಲ, ಅವ ಕಾನೂನು ಹೇಳಿದ. ಈ ನಿಯಮ ಜಾತಿ ನೋಡಿ ಬರೆದದ್ದೂ ಅಲ್ಲ, ಅದು ನನಗೂ ಗೊತ್ತು. ಆದರೆ ಬರೆಯೋವಾಗ ಯಾರ ಮುಖ ಕಣ್ಣ ಮುಂದೆ ಇತ್ತು, ಯಾರ ಮುಖ ಇರಲಿಲ್ಲ, ಅದನ್ನು ಕೇಳೋ ಹಕ್ಕು ನಮಗೈತಿ.

ತಡೀರಿ. ಇಲ್ಲಿ ಕೆಲವು ಗೆಳೆಯರು ಖುಷಿಯಾಗೋದಕ್ಕಿಂತ ಮೊದಲು ಒಂದು ಮಾತು. ನಮ್ಮ ವಲಯದಲ್ಲೇ ಆಗಾಗ ಒಂದು ಫಾರ್ವರ್ಡ್ ಬರತೈತಿ. ಅಯೋಡಿನ್ ಉಪ್ಪು ಕಂಪನಿಗಳ ಪಿತೂರಿ, ಅದರಿಂದಲೇ ಥೈರಾಯ್ಡ್ ಬರತೈತಿ, ಎಲ್ಲರೂ ಬಿಡ್ರಿ ಅಂತ. ನನ್ನ ಪೋಸ್ಟನ್ನು ಅದರ ಜೊತೆ ಸೇರಿಸಬ್ಯಾಡ್ರಿ. ನಾನು ಅಯೋಡಿನ್ ಉಪ್ಪಿನ ವಿರೋಧಿ ಅಲ್ಲ. 1950ರ ದಶಕದಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಗಾರರು ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಕೆಲಸ ಶುರು ಮಾಡಿ, ಅಯೋಡಿನ್ ಬೆರೆಸಿದ ಉಪ್ಪಿನಿಂದ ಗಳಗಂಡ ಕಡಿಮೆಯಾಗೋದನ್ನು ತೋರಿಸಿಕೊಟ್ಟರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಗರ್ಭದಲ್ಲಿ ಅಯೋಡಿನ್ ಸಿಗದ ಕೂಸಿನ ಮಿದುಳು ಬೆಳೆಯೋದಿಲ್ಲ. ಅಂಥ ಕೂಸುಗಳು ಹುಟ್ಟುತ್ತಿದ್ದದ್ದು ಹೆಚ್ಚಾಗಿ ಬಡವರ ಮನೆಯಲ್ಲಿ. ಕಿಲೋಗಟ್ಟಲೆ ಮೀನು, ಹಾಲು, ಮೊಟ್ಟೆ ತಿನ್ನೋರಿಗೆ ಉಪ್ಪಿನ ಅಯೋಡಿನ್ ಇಲ್ಲದಿದ್ದರೂ ನಡೆದೀತು, ನಮ್ಮ ಮಕ್ಕಳಿಗೆ ನಡೆಯೋದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗೂ ಈ ಚಿಕಿತ್ಸೆ ಇಲ್ಲ ಅಂದ್ರ ಅಯೋಡಿನ್ ಉಪ್ಪನ್ನೇ ತಿನ್ನಿ. ನಾನೂ ಈಗ ಅದನ್ನೇ ತಿನ್ನತೀನಿ.

ನನ್ನ ಜಗಳ ಉಪ್ಪಿನ ಜೊತೆ ಅಲ್ಲ. ಎಲ್ಲರಿಗೂ ಒಂದು ನಿಯಮ ಮಾಡಿ, ಅದರಿಂದ ಹೊರಗೆ ಉಳಿದವಳಿಗೆ ಬಾಗಿಲು ಇಡದ ಸರ್ಕಾರದ ಜೊತೆ.

ಈಗ ಆ ಚೀಟಿಗೆ ಬರೋಣ.

ನನಗೆ ಕೊಟ್ಟ ಚೀಟಿ ಇಂಗ್ಲಿಷಿನಲ್ಲಿತ್ತು. ಯಾವ ಆಸ್ಪತ್ರೆ ಅಂತ ಹೇಳೋದಿಲ್ಲ, ಹೇಳೋದು ಬೇಕಾಗಿಯೂ ಇಲ್ಲ. ಎಲ್ಲೋ ಪರದೇಶದ ಚೀಟಿಯ ನಕಲು ಅಂತ ನೋಡಿದ ಕೂಡಲೇ ಗೊತ್ತಾಗತಿತ್ತು. ತಿನ್ನಬಾರದ ಪಟ್ಟಿಯಲ್ಲಿ ಸಮುದ್ರದ ಪಾಚಿ ಇತ್ತು, ಸುಶಿ ಇತ್ತು, ಚೀಸ್ ಇತ್ತು. ನಮ್ಮ ಕೇರಿಯೊಳಗ ಯಾರವ್ವಾ ಸಮುದ್ರದ ಪಾಚಿ ತಿಂತಾರ? ಆದರೆ ಮಂಡಕ್ಕಿ ಇರಲಿಲ್ಲ. ಮಂಡಕ್ಕಿ ಹುರಿಯೋ ಮೊದಲೇ ಅಕ್ಕಿಗೆ ಉಪ್ಪುನೀರು ಹಿಡಿಸಿರತಾರೆ. ಸಂತೆಯಲ್ಲಿ ಸಿಗೋ ಒಣಮೀನು ಇರಲಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸವಣೂರಿನ ಖಾರಾ ಯಾವುದೂ ಇರಲಿಲ್ಲ. ನಾನು ಓದಿದವಳು, ಸಂಘಟನೆಯಲ್ಲಿ ಇರೋಳು, ಇಂಗ್ಲಿಷ್ ಅಷ್ಟಿಷ್ಟು ಬರತೈತಿ. ನನಗೇ ಅರ್ಧ ತಿಳಿಯಲಿಲ್ಲ. ನಮ್ಮವ್ವ ಆ ಕಾಗದವನ್ನು ಬಾಬಾಸಾಹೇಬರ ಫೋಟೋ ಹಿಂದೆ ಸಿಗಿಸಿ, "ಉಪ್ಪು ಬಿಡಬೇಕಂತ" ಅಂತ ಒಂದೇ ಮಾತಿನಲ್ಲಿ ಮುಗಿಸಿದಳು.

ಅದೇ ತಪ್ಪಾದದ್ದು. ಇಲ್ಲಿ ಎಲ್ಲರೂ ಗಮನ ಕೊಡ್ರಿ. ಅಯೋಡಿನ್ ಬಿಡೋದು ಬೇರೆ, ಉಪ್ಪು ಬಿಡೋದು ಬೇರೆ. ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಬಹುದು. ಅದು ಸಿಗಲಿಲ್ಲ ಅಂತ ನಾನು ಉಪ್ಪನ್ನೇ ಬಿಟ್ಟೆ. ಏಪ್ರಿಲ್ ತಿಂಗಳು. ಬಿಸಿಲು ನಿಮಗೆ ಗೊತ್ತಲ್ಲ. ಆರನೇ ದಿನಕ್ಕೆ ತಲೆ ಸುತ್ತಿ, ವಾಂತಿಯಾಗಿ, ನೀರು ತರೋಕೆ ಹೋದವಳು ಕೊಡ ಸಮೇತ ಬಿದ್ದೆ. ರಕ್ತ ಪರೀಕ್ಷೆ ಮಾಡಿದ ಡಾಕ್ಟರು "ಸೋಡಿಯಂ ಇಳಿದಿದೆ, ಯಾರಮ್ಮ ಉಪ್ಪು ಬಿಡೋಕೆ ಹೇಳಿದ್ದು" ಅಂತ ನನಗೇ ಬೈದರು. ಇದು ನನ್ನೊಬ್ಬಳ ದಡ್ಡತನ ಅಲ್ಲ. ವಯಸ್ಸಾದವರಿಗೆ, ಬಿ.ಪಿ.ಗೆ ನೀರು ಇಳಿಸೋ ಮಾತ್ರೆ ತಗೊಳ್ಳೋರಿಗೆ ಈ ಪಥ್ಯದ ಸಮಯದಲ್ಲಿ ಸೋಡಿಯಂ ಇಳಿಯೋ ಅಪಾಯ ಇದೆ ಅಂತ ವೈದ್ಯಕೀಯ ಲೋಕಕ್ಕೆ ಗೊತ್ತು. ಗೊತ್ತಿರೋದು ಚೀಟಿಗೆ ಬರಲಿಲ್ಲ. ಬಂದಿದ್ದರೂ ಇಂಗ್ಲಿಷಿನಲ್ಲಿ ಬರತಿತ್ತು.

ಇದರ ಜೊತೆ ಇನ್ನೊಂದು. ಈ ಚಿಕಿತ್ಸೆಗೆ ಮೊದಲು ದೇಹದಲ್ಲಿ ಟಿ.ಎಸ್.ಎಚ್. ಅನ್ನೋ ಹಾರ್ಮೋನು ಏರಬೇಕು. ಅದಕ್ಕೆ ಎರಡು ದಾರಿ. ಒಂದು, ದುಬಾರಿ ಇಂಜೆಕ್ಷನ್. ಅದನ್ನು ತಗೊಂಡವರು ಥೈರಾಯ್ಡ್ ಮಾತ್ರೆ ನುಂಗುತ್ತಲೇ, ಆಫೀಸಿಗೆ ಹೋಗುತ್ತಲೇ ತಯಾರಾಗತಾರೆ. ಇನ್ನೊಂದು, ಮೂರು ನಾಲ್ಕು ವಾರ ಮಾತ್ರೆಯನ್ನೇ ನಿಲ್ಲಿಸೋದು. ನಮಗೆ ಎರಡನೇದು. ಗ್ರಂಥಿ ತೆಗೆದಾಗಿದೆ, ಮಾತ್ರೆಯೂ ಇಲ್ಲ. ಮೈ ಭಾರ, ಮುಖ ಊತ, ಮಲಬದ್ಧತೆ, ಬೇಸಿಗೆಯಲ್ಲೂ ಚಳಿ, ಎದ್ದು ನಿಂತರೆ ಮತ್ತೆ ಕೂಡಬೇಕು ಅನ್ನೋ ಸುಸ್ತು. ಇಂಥ ಮೈಯಲ್ಲಿ ಕೂಲಿಗೆ ಹೋಗೋದು ಹೆಂಗ? ಹೋಗದಿದ್ದರೆ ಸಂತೆ ಮಾಡೋದು ಹೆಂಗ? ಆಯುಷ್ಮಾನ್ ಕಾರ್ಡ್ ಐತಿ, ಒಪ್ಪತೀನಿ. ಅದಿಲ್ಲದಿದ್ದರೆ ಆಪರೇಷನ್ನೇ ಆಗತಿರಲಿಲ್ಲ. ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡಿಲ್ಲ, ಅದೂ ಉಪಕಾರ ಆಯಿತು. ಆದರೆ ಆ ನಾಲ್ಕು ವಾರದ ಕೂಲಿಗೆ ಯಾವ ಕಾರ್ಡೂ ಇಲ್ಲ.

ಈಗ ಪಥ್ಯದ ಊಟ. ಚೀಟಿ ಬರೆದವರ ತಲೆಯಲ್ಲಿ ಒಂದು ಮನೆ ಐತಿ. ಅಲ್ಲಿ ಒಬ್ಬ ರೋಗಿಗೆ ಬೇರೆ ಅಡುಗೆ ಮಾಡತಾರೆ, ಬೇರೆ ಡಬ್ಬಿಯಲ್ಲಿ ಬೇರೆ ಉಪ್ಪು ಇಡತಾರೆ. ನಮ್ಮ ಮನೆಯಲ್ಲಿ ಇರೋದು ಒಂದು ಒಲೆ, ಒಂದು ಗಡಿಗೆ. ಸಾರು ಒಂದೇ. ನನ್ನ ಒಬ್ಬಳಿಗೆ ಬೇರೆ ಸಾರು ಅಂದ್ರ ಬೇರೆ ಎಣ್ಣೆ, ಬೇರೆ ಗ್ಯಾಸು, ಅವ್ವನಿಗೆ ಇನ್ನೊಂದು ತಾಸಿನ ದುಡಿಮೆ. ಹೊಲಕ್ಕೆ ಹೋದರೆ ಹೊಲದವರು ಕೊಡೋ ಊಟ. ಅಂಗನವಾಡಿಯ ಆ ಹುಡುಗಿಗೆ ಮಧ್ಯಾಹ್ನದ ಊಟ ಅಲ್ಲೇ, ಮಕ್ಕಳಿಗೆ ಮಾಡಿದ್ದರಲ್ಲೇ. ಅದರಲ್ಲಿ ಅಯೋಡಿನ್ ಉಪ್ಪು ಇರಲೇಬೇಕು, ಮಕ್ಕಳಿಗೆ ಅದು ಬೇಕು. ಹಂಗಾದ್ರ ಅವಳು? ಪರೀಕ್ಷೆಗೆ ಅಂತ ಹುಬ್ಬಳ್ಳಿಗೆ ಹೋದ ದಿನ ಬಸ್ ಸ್ಟ್ಯಾಂಡಿನಲ್ಲಿ ಏನು ತಿನ್ನಬೇಕು? ಇಡ್ಲಿಗೆ ಉಪ್ಪು, ಉಪ್ಪಿಟ್ಟಿನ ಹೆಸರಲ್ಲೇ ಉಪ್ಪು. ಎರಡು ಬಾಳೆಹಣ್ಣು ತಿಂದು ದಿನ ಕಳೆದದ್ದು ನನಗೆ ನೆನಪಿದೆ.

ಇನ್ನು ಊರಿನ ಉಪದೇಶ. ಕ್ಯಾನ್ಸರ್ ಅಂದ ಕೂಡಲೇ ಎಲ್ಲರೂ ಡಾಕ್ಟರಾಗತಾರೆ. "ಮಾಂಸ ಬಿಟ್ಟುಬಿಡು, ಹಾಲು ಕುಡಿ, ತುಪ್ಪ ತಿನ್ನು, ಸಾತ್ವಿಕ ಊಟ ಮಾಡು." ಆಸ್ಪತ್ರೆಯಲ್ಲೇ ಪಥ್ಯ ಹೇಳೋಕೆ ಕೂತಿದ್ದ ಒಬ್ಬರು ನನ್ನ ಅಡ್ಡಹೆಸರು ಓದಿ, ಮೇಲೆ ಕೆಳಗೆ ನೋಡಿ, "ನಿಮ್ಮವರು ಅದು ಇದು ಎಲ್ಲಾ ತಿಂತೀರಲ್ಲ, ಅದನ್ನೆಲ್ಲ ಬಿಟ್ಟರೆ ಸಾಕು" ಅಂದರು. ನಾನು ಸುಮ್ಮನೆ ಬಂದೆ. ಆವತ್ತು ನನಗೆ ಗೊತ್ತಿರಲಿಲ್ಲ. ಈಗ ಗೊತ್ತು, ಅದಕ್ಕೇ ಬರೀತೀನಿ.

ಈ ಪಥ್ಯದಲ್ಲಿ ಬಿಡಬೇಕಾದದ್ದು ಹಾಲು. ಮೊಸರು. ಮಜ್ಜಿಗೆ. ಬೆಣ್ಣೆ. ದನದ ಮೇವು, ಖನಿಜದ ಮಿಶ್ರಣ, ಹಿಂಡುವಾಗ ಕೆಚ್ಚಲಿಗೆ ಹಚ್ಚೋ ಅಯೋಡಿನ್ ಔಷಧ, ಇವುಗಳಿಂದ ಹಾಲಿಗೆ ಅಯೋಡಿನ್ ಸೇರತೈತಿ. ಮೊಟ್ಟೆಯ ಹಳದಿ ಬಿಡಬೇಕು, ಬಿಳಿ ಭಾಗ ತಿನ್ನಬಹುದು. ಮೀನು ಬಿಡಬೇಕು. ಆದರೆ ಉಪ್ಪು ಹಚ್ಚದ ತಾಜಾ ಮಾಂಸ? ಮಿತವಾಗಿ ತಿನ್ನಬಹುದು! ಅಯೋಡಿನ್‌ಗೆ ಶುದ್ಧ, ಅಶುದ್ಧ, ಸಾತ್ವಿಕ, ತಾಮಸ ಗೊತ್ತಿಲ್ಲ ಬಂಧುಗಳೇ. ಸಾವಿರ ವರ್ಷ ಹಾಲು ತುಪ್ಪ ಮೇಲೆ, ಮಾಂಸ ಕೆಳಗೆ ಅಂತ ಹೇಳಿಕೊಟ್ಟವರ ತಟ್ಟೆಯನ್ನು ಈ ಒಂದು ಪಥ್ಯ ತಲೆಕೆಳಗು ಮಾಡತೈತಿ. ಹಾಲಿಲ್ಲ, ಮೀನಿಲ್ಲ ಅಂದಾಗ ಮೈಗೆ ಬಲ ಕೊಡೋ ಅಗ್ಗದ ಊಟ ನಮ್ಮ ಕೇರಿಯಲ್ಲಿ ಯಾವುದಿತ್ತು? ಅದನ್ನು 2020ರ ಗೋಹತ್ಯೆ ನಿಷೇಧ ಕಾಯ್ದೆ ಅಪರಾಧದ ಪಟ್ಟಿಗೆ ಸೇರಿಸಿತು. ಕುರಿ ಮಾಂಸದ ರೇಟು ಕೇಳೋ ಧೈರ್ಯ ನಮಗಿಲ್ಲ. ಅಂದ್ರ ಹಾಲನ್ನು ರೋಗ ಕಿತ್ತುಕೊಂಡಿತು, ಮಾಂಸವನ್ನು ಕಾನೂನು ಕಿತ್ತುಕೊಂಡಿತು, ಉಪ್ಪನ್ನು ಅಂಗಡಿ ಕೊಡಲಿಲ್ಲ.

ನನ್ನನ್ನು ಉಳಿಸಿದ್ದು ರೊಟ್ಟಿ. ನಮ್ಮ ಜೋಳದ ರೊಟ್ಟಿಗೆ ಉಪ್ಪು ಹಾಕೋ ರೂಢಿ ಇಲ್ಲ. ಅವ್ವ ಮನೆಯಲ್ಲೇ ಶೇಂಗಾ ಹುರಿದು, ಬೆಳ್ಳುಳ್ಳಿ, ಮನೆಯಲ್ಲೇ ಕುಟ್ಟಿದ ಬ್ಯಾಡಗಿ ಮೆಣಸಿನಕಾಯಿ ಪುಡಿ ಹಾಕಿ ಹಿಂಡಿ ಮಾಡಿದಳು. ಬದನೆಕಾಯಿ ಸುಟ್ಟು ಹುಣಸೆಹುಳಿ ಹಿಂಡಿದಳು. ಉಳ್ಳಾಗಡ್ಡಿ, ಹಸಿಮೆಣಸು, ಸೌತೆಕಾಯಿ, ನಿಂಬೆಹಣ್ಣು. ಅನ್ನ, ಬೇಳೆ. ಇವೆಲ್ಲ ಈ ಪಥ್ಯಕ್ಕೆ ಹೊಂದೋ ಊಟ. ಅಂದ್ರ ದುಬಾರಿ ಊಟವೇನೂ ಬೇಕಾಗಿಲ್ಲ. ಹಾವೇರಿ ಜಿಲ್ಲೆಯ ಊಟವನ್ನೇ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರೆ ನಾನು ಬೀಳತಿರಲಿಲ್ಲ. ಒಂದು ಹಾಳೆ ಕಾಗದ!

ಕೊನೆಗೆ ಉಪ್ಪು ಸಿಕ್ಕಿತು. ಹುಬ್ಬಳ್ಳಿಯಲ್ಲಿ, ಉಪವಾಸದವರಿಗೆ ಅಂತ ಮಾರೋ ಸೈಂಧವ ಉಪ್ಪು. ಪುಡಿ ಉಪ್ಪಿನ ರೇಟಿಗೆ ಹೋಲಿಸಿದರೆ ಹಲವು ಪಟ್ಟು. ಉಪವಾಸ ಮಾಡೋ ಹೊಟ್ಟೆ ತುಂಬಿದವರಿಗೆ ಉಪ್ಪು ಐತಿ ನೋಡ್ರಿ, ಹೆಸರು ಬೇರೆ ಅಷ್ಟೇ. ಅದರಲ್ಲೂ ಹುಷಾರು: ಕೆಲವು ಕಂಪನಿಯವರು ಅದಕ್ಕೂ ಅಯೋಡಿನ್ ಬೆರೆಸತಾರೆ. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರತಾರೆ, ಇಂಗ್ಲಿಷಿನಲ್ಲಿ ಇಲ್ಲ ಹಿಂದಿಯಲ್ಲಿ. ಕನ್ನಡದಲ್ಲಿ ಬರೆಯಲೇಬೇಕು ಅಂತ ಆ ಕಾನೂನಿನಲ್ಲಿಲ್ಲ. ಕಲ್ಲುಪ್ಪು ಅಂದ ಮಾತ್ರಕ್ಕೆ ಅಯೋಡಿನ್ ಇಲ್ಲ ಅಂತಲ್ಲ, ಅದಕ್ಕೂ ಬೆರೆಸಿರಬಹುದು. ಇನ್ನು ದನದ ಉಪ್ಪನ್ನು ಯಾರೂ ತಿನ್ನೋ ಯೋಚನೆ ಮಾಡಬ್ಯಾಡ್ರಿ. ಅದು ಮನುಷ್ಯರ ಹೊಟ್ಟೆಗೆ ಅಂತ ಶುದ್ಧ ಮಾಡಿದ್ದಲ್ಲ. ದನ ನೆಕ್ಕೋ ಇಟ್ಟಿಗೆಯಲ್ಲಿ ಅಯೋಡಿನ್ನೂ ಇರತೈತಿ.

ನಮ್ಮ ಹಾವೇರಿ ಜಿಲ್ಲೆಗೆ ಉಪ್ಪಿನ ದೊಡ್ಡ ಇತಿಹಾಸ ಐತಿ. 1930ರ ದಂಡಿ ಯಾತ್ರೆಯಲ್ಲಿ ಗಾಂಧಿಯವರ ಜೊತೆ ನಡೆದ ಕನ್ನಡಿಗ ಮೈಲಾರ ಮಹಾದೇವಪ್ಪ ನಮ್ಮ ಮೋಟೆಬೆನ್ನೂರಿನವರು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಹೊಸರಿತ್ತಿ ನಮ್ಮ ಮಗ್ಗುಲ ಊರು. ಪ್ರತಿ ವರ್ಷ ಹಾರ ಹಾಕತಾರೆ, ಭಾಷಣ ಮಾಡತಾರೆ. ಉಪ್ಪು ಬಡವನ ಹಕ್ಕು ಅಂತ ಹೇಳತಾರೆ. ಹೇಳಲಿ. ಆದರೆ ಅದೇ ಜಿಲ್ಲೆಯ ಒಬ್ಬ ಅಂಗನವಾಡಿ ಸಹಾಯಕಿ ಬದುಕೋಕೆ ಬೇಕಾದ ಒಂದು ಹಿಡಿ ಉಪ್ಪಿಗೆ ಆರು ಅಂಗಡಿ ಅಲೀಬೇಕಾ?

ಆಸ್ಪತ್ರೆಯ ಒಳಗಿನ ಒಂದು ಮಾತು ಹೇಳತೀನಿ. ಔಷಧ ಕೊಟ್ಟ ಮೇಲೆ ಬೇರೆ ಕೋಣೆಯಲ್ಲಿ ಇಟ್ಟರು. ಊಟ ಬಾಗಿಲ ಹತ್ತಿರ ಇಟ್ಟು ದೂರ ಸರೀತಿದ್ದರು. ಮನೆಗೆ ಹೋದ ಮೇಲೂ ಕೆಲವು ದಿನ ಮಕ್ಕಳಿಂದ, ಗರ್ಭಿಣಿಯರಿಂದ ದೂರ ಇರು, ಬೇರೆ ಕೋಣೆಯಲ್ಲಿ ಮಲಗು, ಬೇರೆ ತಟ್ಟೆ ಲೋಟ ಅಂದರು. ನರ್ಸಮ್ಮ ಪಾಪ ಬೇಜಾರಿನಿಂದ, "ತಪ್ಪು ತಿಳ್ಕೋಬೇಡಿ, ವಿಕಿರಣ ಇರತ್ತೆ" ಅಂದರು. ನಾನಂದೆ, "ತಪ್ಪು ತಿಳಿಯಂಗಿಲ್ರಿ ಸಿಸ್ಟರ್, ಬೇರೆ ಲೋಟದ ರೂಢಿ ನಮಗೈತಿ. ನಿಮ್ಮದಕ್ಕ ಕಾರಣನಾದ್ರೂ ಐತಿ." ಅಯೋಡಿನ್-131ರ ಶಕ್ತಿ ಎಂಟು ದಿನಕ್ಕೆ ಅರ್ಧ ಇಳಿಯತೈತಿ, ಮತ್ತೆಂಟು ದಿನಕ್ಕೆ ಅದರ ಅರ್ಧ. ಆ ಮುಟ್ಟಬಾರದಿರೋದಕ್ಕೆ ಮುಗಿಯೋ ತಾರೀಖು ಇತ್ತು. ಊರಿನ ಹೋಟೆಲಿನ ಲೋಟಕ್ಕೆ ತಾರೀಖು ಇನ್ನೂ ಬಂದಿಲ್ಲ.

ಈಗ ಬೇಡಿಕೆ. ಸುಮ್ಮನೆ ಬೈದು ಹೋಗೋಕೆ ನಾನು ಬರೀತಿಲ್ಲ.

ಒಂದು: ಈ ಚಿಕಿತ್ಸೆಗೆ ತಾರೀಖು ಕೊಡೋ ಆಸ್ಪತ್ರೆ, ಆ ಚೀಟಿಯ ಜೊತೆಗೇ ಅಯೋಡಿನ್ ಇಲ್ಲದ, ತಿನ್ನೋಕೆ ಯೋಗ್ಯವಾದ ಉಪ್ಪನ್ನು ಕೊಡಬೇಕು. ಲೆಕ್ಕ ಹಾಕ್ರಿ. ದಿನಕ್ಕೆ 10 ಗ್ರಾಂ ಅಂತ ಧಾರಾಳವಾಗಿ ಹಿಡಿದರೂ ಹದಿನಾಲ್ಕು ದಿನಕ್ಕೆ 140 ಗ್ರಾಂ. ನೂರೈವತ್ತು ಅನ್ನಿ. ಒಂದೇ ಗಡಿಗೆಯ ಮನೆಗೆ ಅರ್ಧ ಕಿಲೋ ಕೊಟ್ಟರೂ ಸರ್ಕಾರ ಬಡವಾಗೋದಿಲ್ಲ.

ಎರಡು: ಕೇಂದ್ರದ ನಿಯಮದ ವಿನಾಯಿತಿ ಪಟ್ಟಿಗೆ "ವೈದ್ಯರ ಚೀಟಿ ಇರುವ ರೋಗಿಗೆ" ಅನ್ನೋ ಒಂದು ಸಾಲು ಸೇರಬೇಕು. ಔಷಧಿ ಅಂಗಡಿಯಲ್ಲಿ ಸಿಗಬೇಕು, ಮೇಲೆ ಕನ್ನಡದಲ್ಲಿ ಬರೆದಿರಬೇಕು. ದನದ ಸಾಲಿನ ಕೆಳಗೇ ಬರೀರಿ, ನಮಗೆ ಬೇಸರ ಇಲ್ಲ.

ಮೂರು: ಪಥ್ಯದ ಚೀಟಿ ಕನ್ನಡದಲ್ಲಿ, ಚಿತ್ರದ ಜೊತೆ, ಆಯಾ ಭಾಗದ ಊಟದ ಹೆಸರಿನಲ್ಲಿ ಬರಬೇಕು. ಮಾಂಸ ತಿನ್ನೋರಿಗೆ ಮಾಂಸದ ಲೆಕ್ಕವೂ ಅದರಲ್ಲಿರಬೇಕು, ಉಪದೇಶ ಇರಬಾರದು. "ಉಪ್ಪು ಪೂರ್ತಿ ಬಿಡಬೇಡಿ" ಅನ್ನೋದು ದಪ್ಪ ಅಕ್ಷರದಲ್ಲಿ ಮೊದಲ ಸಾಲು ಆಗಬೇಕು. ಆಶಾ ಕಾರ್ಯಕರ್ತೆಯರಿಗೆ ಇದನ್ನು ಹೇಳಿಕೊಡಬೇಕು.

ನಾಲ್ಕು: ಮಾತ್ರೆ ನಿಲ್ಲಿಸಿದ ವಾರಗಳಿಗೆ, ಆಮೇಲೆ ದೂರ ಇರಬೇಕಾದ ದಿನಗಳಿಗೆ ಕೂಲಿ ಪರಿಹಾರ ಕೊಡಬೇಕು. ದುಡ್ಡೆಲ್ಲಿ ಅಂತ ಕೇಳಬ್ಯಾಡ್ರಿ. 2013ರಲ್ಲಿ ಎಸ್.ಸಿ.ಎಸ್.ಪಿ.-ಟಿ.ಎಸ್.ಪಿ. ಕಾಯ್ದೆ ಮಾಡಿದ ರಾಜ್ಯ ಇದು. ನಮ್ಮ ಹೆಸರಿನ ದುಡ್ಡು ಎಲ್ಲೆಲ್ಲಿಗೋ ಹರಿದು ಹೋಗಿದ್ದನ್ನು ನೋಡಿದ್ದೀವಿ. ಒಂದು ಸಣ್ಣ ಕಾಲುವೆ ರೋಗಿಯ ಮನೆಗೂ ಹರೀಲಿ.

ಇನ್ನೊಂದು ಮಾತು ನಮ್ಮವರಿಗೆ. ನಮ್ಮ ಚಳವಳಿ ಭೂಮಿ ಕೇಳಿದೆ, ಮೀಸಲಾತಿ ಕೇಳಿದೆ, ಸ್ಮಶಾನ ಕೇಳಿದೆ. ಸರಿ. ಆದರೆ ರೋಗ ಬಂದವರನ್ನು ನಾವೂ ಮನೆಯೊಳಗೆ ಬಿಟ್ಟುಬಿಡತೀವಿ. ನನಗೆ ಕ್ಯಾನ್ಸರ್ ಅಂತ ಗೊತ್ತಾದಾಗ ಸಂಘಟನೆಯ ಅಣ್ಣಂದಿರು ಬಂದು ಹಣ್ಣು ಕೊಟ್ಟು, ಧೈರ್ಯ ಹೇಳಿ ಹೋದರು. ಋಣ ಐತಿ. ಆದರೆ ಒಬ್ಬರೂ "ತಂಗಿ, ಉಪ್ಪು ಸಿಕ್ಕಿತಾ" ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೆಣ್ಮಕ್ಕಳ ರೋಗ, ಅಡುಗೆಮನೆಯ ಮಾತು, ಇದೇನು ಹೋರಾಟದ ವಿಷಯ ಅನ್ನೋ ಭಾವನೆ ನನ್ನೊಳಗೂ ಇತ್ತು. ಥೈರಾಯ್ಡ್ ಕ್ಯಾನ್ಸರ್ ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ಅಂದ ಮೇಲೆ ಇದು ಚಿಲ್ಲರೆ ವಿಷಯ ಅಲ್ಲ.

2010ರ ಜುಲೈ ನೆನಪಿದೆಯಾ? ಇದೇ ಸವಣೂರಿನ ಪುರಸಭೆ ಮುಂದೆ ಭಂಗಿ ಸಮುದಾಯದ ನಮ್ಮ ಅಣ್ಣತಮ್ಮಂದಿರು ಮೈಮೇಲೆ ಮಲ ಸುರಕೊಂಡು ನಿಂತರು. ಅವರು ಕೇಳಿದ್ದು ಅರಮನೆ ಅಲ್ಲ, ಇದ್ದ ಜಾಗದಿಂದ ಎಬ್ಬಿಸಬೇಡಿ ಅಂತ ಕೇಳಿದ್ದು. ಅಷ್ಟು ಸಣ್ಣ ಮಾತು ಕೇಳಿಸೋಕೆ ಅಷ್ಟು ದೊಡ್ಡ ಅವಮಾನ ಮೈಮೇಲೆ ಸುರಕೋಬೇಕಾಯಿತು. ಈ ತಾಲೂಕಿನಲ್ಲಿ ಇನ್ನೊಂದು ಸಣ್ಣ ಮಾತಿಗೆ ಮತ್ತೆ ಯಾರೂ ಹಂಗ ನಿಲ್ಲಬಾರದು. ಕಾಗದದಲ್ಲಿ ಕೇಳತೀವಿ, ಕಾಗದದಲ್ಲೇ ಉತ್ತರ ಕೊಡಲಿ. ಮುಂದಿನ ಸೋಮವಾರ ಹಾವೇರಿಯಲ್ಲಿ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡತೀವಿ. ಬರೋರು ಬರ್ರಿ. ಬರುವಾಗ ಪ್ರತಿಯೊಬ್ಬರೂ ಒಂದು ಕಾಗದದ ಪುಡಿಕೆಯಲ್ಲಿ ನೂರೈವತ್ತು ಗ್ರಾಂ ಉಪ್ಪು ತನ್ನಿ. ಮನವಿಯ ಮೇಲೆ ಇಟ್ಟು ಬರೋಣ. ಸಾಹೇಬರಿಗೆ ತೂಕ ಗೊತ್ತಾಗಲಿ.

ನಿಮ್ಮೂರಿನಲ್ಲಿ ಈ ಚಿಕಿತ್ಸೆಗೆ ಹೊರಟವರು ಯಾರಾದರೂ ಇದ್ದರೆ ಇವತ್ತೇ ಹೋಗಿ ಮಾತಾಡಿಸ್ರಿ. ಉಪ್ಪು ಪೂರ್ತಿ ಬಿಟ್ಟಿದ್ದಾರೇನು ಕೇಳ್ರಿ. ಯಾವ ಉಪ್ಪು, ಎಷ್ಟು ದಿನ ಅನ್ನೋದನ್ನು ಅವರ ಡಾಕ್ಟರಿಗೇ ಫೋನ್ ಹಚ್ಚಿ ಕೇಳಿಸ್ರಿ. ಗಾಯಕ್ಕೆ ಹಚ್ಚೋ ಕಂದು ಬಣ್ಣದ ಅಯೋಡಿನ್ ಔಷಧ ಬಳಸಿದ್ದರೆ, ಡೈ ಹಾಕಿ ಸಿ.ಟಿ. ಸ್ಕ್ಯಾನ್ ಮಾಡಿಸಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ನನ್ನ ಮಾತು ಕೇಳಿ ಯಾರೂ ತಾವೇ ಪಥ್ಯ ಶುರು ಮಾಡಬ್ಯಾಡ್ರಿ, ನಾನು ಡಾಕ್ಟರ್ ಅಲ್ಲ. ಸಾಧ್ಯ ಇದ್ದರೆ ಎರಡು ವಾರ ಒಂದು ಹೊತ್ತಿನ ರೊಟ್ಟಿ ಪಲ್ಯ ನಿಮ್ಮ ಮನೆಯಿಂದ ಹೋಗಲಿ.

ಆ ಹುಡುಗಿಗೆ ಏನಾಯಿತು ಅಂತ ಕೇಳತೀರಿ. ನನ್ನ ಹಳೆಯ ಸೈಂಧವ ಉಪ್ಪಿನ ಪ್ಯಾಕೆಟ್ಟಿನಲ್ಲಿ ಅರ್ಧ ಉಳಿದಿತ್ತು. ಉಪ್ಪು ಹಳಸೋದಿಲ್ಲ ನೋಡ್ರಿ. ಮರುದಿನ ಬೆಳಗ್ಗೆ ಹತ್ತಿಮತ್ತೂರಿನಿಂದ ಮೊದಲ ಬಸ್ಸಿಗೆ ಹೋದೆ. ಅವಳ ಡಾಕ್ಟರಿಗೆ ಫೋನ್ ಮಾಡಿ, ಪ್ಯಾಕೆಟ್ಟಿನ ಹಿಂದಿನ ಅಕ್ಷರ ಓದಿ ಹೇಳಿದ್ವಿ, ಆಗಬಹುದು ಅಂದರು. ಅವಳ ಅತ್ತೆ ಒಳಗಿಂದ, "ಯವ್ವಾ, ಉಪ್ಪು ಕೈಯಾಗ ಕೊಡಬಾರದು, ಕೆಳಗಿಡು. ಜಗಳ ಆಗತೈತಿ" ಅಂದಳು.

ನಾನು ಕೈಯಾಗೇ ಕೊಟ್ಟೆ. ಜಗಳ ಆಗಲಿ ಅತ್ತಿ. ನಮ್ಮ ನಮ್ಮೊಳಗಲ್ಲ, ಸರ್ಕಾರದ ಜೋಡಿ.

ಜೈ ಭೀಮ್.